ಸಪ್ಪಳ ನಿಂತ ಗಾಡಿ

"ಅಜ್ಜಾರ, ಬರೋ ಸೋಮವಾರದಿಂದ ರಾತ್ರಿ ದಾಸೋಹಾನೂ ಶುರು ಮಾಡೋಣೇನ್ರಿ?"

ಕೇಳಿದವನು ಮಠದ ಅಡುಗೆಮನೆಯ ಉಸ್ತುವಾರಿ ನೋಡುವ ಶಿಷ್ಯ ರುದ್ರಮುನಿ. ಗುರುಗಳು ಅವನ ಕಡೆ ನೋಡಿದರು. ಒಪ್ಪಿಗೆ ಹತ್ತಿರದಲ್ಲೇ ಇದೆ ಎಂದುಕೊಂಡು ಅವನೇ ಮುಂದುವರಿಸಿದ. ಮೊದಲಾಗಿದ್ದರೆ ಇಂಥ ಮಾತು ತೆಗೆಯಲು ಅವನಿಗೇ ಧೈರ್ಯವಿರಲಿಲ್ಲ. ಅಡುಗೆಮನೆಗೆ ಕಾಲಿಟ್ಟರೆ ಸಾಕು, ಸೌದೆ ಹಸಿ, ಹೊಗೆ ಹೊರಗೆ ಹೋಗುವುದಿಲ್ಲ, ಕೈ ಸಾಲುವುದಿಲ್ಲ ಎಂದು ಒಂದೇ ಸಮನೆ ಗೊಣಗಾಟ. ಅದರಲ್ಲೂ ರೊಟ್ಟಿ ಒಲೆಯ ಮುಂದೆ ಕೂರುವ ಫಕೀರವ್ವನ ಬಾಯಿ ದೊಡ್ಡದು. ಒಂದು ದಿನ ಎಲ್ಲರ ಮುಂದೆ ನಿಲ್ಲಿಸಿ ಅವಳಿಗೆ ಬುದ್ಧಿ ಹೇಳಿದ್ದಾಯಿತು.

"ಈಗ ಆಕಿ ತುಟಿ ಪಿಟಕ್ ಅನ್ನೂದಿಲ್ರಿ. ಉಳಿದವ್ರೂ ಹಂಗ. ಇನ್ನೂ ಇನ್ನೂರು ಮಂದಿ ಹೆಚ್ಚಾದ್ರೂ ಚಿಂತಿಲ್ಲ."

"ಕೂಡು," ಎಂದರು ಗುರುಗಳು. ಅವನು ಕೂತ. ಅವರು ಈ ಕತೆ ಹೇಳಿದರು.

ಒಬ್ಬ ಕನ್ನಡಕದ ವ್ಯಾಪಾರಿ ಇದ್ದ. ಅವನಿಗೆ ಒಂದು ಹಳೆಯ ವ್ಯಾನು ಇತ್ತು. ಅದರೊಳಗೇ ಹಾಸಿಗೆ, ಸ್ಟೋವು, ನೀರಿನ ಕ್ಯಾನು, ಕನ್ನಡಕದ ಪೆಟ್ಟಿಗೆಗಳು. ಊರೂರು ಸುತ್ತುವ ಅವನಿಗೂ ಅವನ ಹೆಂಡತಿಗೂ ಅದೇ ಅಂಗಡಿ, ಅದೇ ಮನೆ. ಬೇರೆ ಸೂರು ಅವರಿಗೆ ಎಲ್ಲಿಯೂ ಇರಲಿಲ್ಲ. ಗಾಡಿಯ ಇಂಜಿನ್ನು ಹಿಂದೆ, ಹಾಸಿಗೆಯ ಕೆಳಗೆ ಇತ್ತು. ಬೇರೆ ಗಾಡಿಗಳಂತೆ ಅದನ್ನು ತಣ್ಣಗಿಡಲು ನೀರು ಇರಲಿಲ್ಲ; ಒಳಗಿನ ಫ್ಯಾನು ಬೀಸುವ ಗಾಳಿಯೊಂದೇ ಆಸರೆ. ವ್ಯಾಪಾರಿ ಗಾಡಿ ಓಡಿಸುವಾಗ ಹೆಂಡತಿ ಆ ಹಾಸಿಗೆಯ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದಳು.

ಇಂಜಿನ್ನು ಓಡುವಷ್ಟು ಹೊತ್ತೂ ಟಕಟಕ ಎನ್ನುತ್ತಿತ್ತು. ವ್ಯಾಪಾರಿಗೆ ಅದನ್ನು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಗಾಡಿ ಊರೊಳಗೆ ಬಂದರೆ ಜನ ಕನ್ನಡಕ ನೋಡುವ ಬದಲು ಇಂಜಿನ್ನಿನ ಕಡೆ ನೋಡಿ ನಗುತ್ತಾರೆ ಎಂದು ಅವನಿಗೆ ನಾಚಿಕೆ. ಒಬ್ಬ ಮೇಸ್ತ್ರಿಯ ಹತ್ತಿರ ಒಯ್ದ. ಮೇಸ್ತ್ರಿ ಇಂಜಿನ್ನಿಗೆ ಕಿವಿಗೊಟ್ಟು ಕೇಳಿ, "ತೆರೆದು ಮುಚ್ಚೂ ಮುಚ್ಚಳದಂಥ ವಾಲ್ವಿನ ಸಪ್ಪಳ ಅದು. ಕೂದಲೆಳಿಯಷ್ಟು ಸಂದು ಬಿಟ್ಟಾರ, ಅದಕ್ಕ ಬಡಿತೈತಿ. ಬಡೀಲಿ ಬಿಡ್ರಿ, ಕೈ ಹಚ್ಚಬ್ಯಾಡ್ರಿ," ಎಂದು ಕಳಿಸಿಬಿಟ್ಟ.

ಆ ಮಾತು ವ್ಯಾಪಾರಿಗೆ ರುಚಿಸಲಿಲ್ಲ. ಅವನ ಕಸುಬೇ ಸಣ್ಣ ಸ್ಕ್ರೂಗಳದ್ದು. ಕನ್ನಡಕ ಲಟಲಟ ಅಂದರೆ ಸ್ಕ್ರೂ ಬಿಗಿ ಮಾಡಬೇಕು, ಅಲ್ಲಿಗೆ ಮುಗಿಯಿತು. ಮೂವತ್ತು ವರ್ಷ ಅವನು ಮಾಡಿದ್ದು ಅದೇ, ಒಮ್ಮೆಯೂ ತಪ್ಪಿರಲಿಲ್ಲ. ಮರುದಿನ ಬೆಳಿಗ್ಗೆ ಅವನು ಗಾಡಿಯ ಅಡಿಗೆ ನುಸುಳಿದ. ವಾಲ್ವಿನ ಸ್ಕ್ರೂ ಒಂದೊಂದಾಗಿ ಹುಡುಕಿ, ಸಂದು ಮುಚ್ಚುವ ತನಕ ತಿರುವಿದ.

ಹೆಂಡತಿ ಬಗ್ಗಿ ನೋಡಿದಳು. "ಸಂದು ಇರಬೇಕು ಅಂತ ಮೇಸ್ತ್ರಿ ಹೇಳಿದ್ನಲ್ರಿ."

"ಸ್ಕ್ರೂ ವಿಚಾರ ನನಗ ಕಲಿಸ್ತೀಯೇನು? ಸುಮ್ನಿರು."

ಅವಳು ಸುಮ್ಮನಾದಳು. ಇಂಜಿನ್ನೂ ಸುಮ್ಮನಾಯಿತು. ವ್ಯಾಪಾರಿಗೆ ಹಿಡಿಸಲಾರದಷ್ಟು ಖುಷಿ. ಮೇಸ್ತ್ರಿಗೆ ಬಾರದ ವಿದ್ಯೆ ತನಗೆ ಬಂತೆಂದು ಮೀಸೆಯ ಮೇಲೆ ಕೈಯಾಡಿಸಿದ. ಇಷ್ಟು ಮೆತ್ತಗೆ ಓಡುವ ಗಾಡಿ ಏನು ಹೇರಿದರೂ ಎಳೆಯುತ್ತದೆ ಎಂದು ಪೇಟೆಯಲ್ಲಿ ಇನ್ನೂ ನಾಲ್ಕು ಪೆಟ್ಟಿಗೆ ಕನ್ನಡಕ ತುಂಬಿಕೊಂಡ. ಘಟ್ಟ ಹತ್ತಿ ಆಚೆಯ ಊರುಗಳಿಗೂ ಹೋಗುವುದೆಂದು ಹೊರಟ.

ಐದನೆಯ ದಿನ ಘಟ್ಟದ ಅರ್ಧ ದಾರಿಯಲ್ಲಿ ಹಿಂದೆ ದಢಾರನೆ ಸದ್ದಾಯಿತು. ಗಾಡಿ ನಿಂತಿತು. ವ್ಯಾಪಾರಿ ಎಷ್ಟು ಸಲ ಕೀಲಿ ತಿರುವಿದರೂ ಅದು ಮಿಸುಕಲಿಲ್ಲ.

ಲಾರಿಯವರ ಕೈಲಿ ಹೇಳಿ ಕಳಿಸಿದ ಮೇಲೆ ಅದೇ ಮೇಸ್ತ್ರಿ ಬಂದ. ಇಂಜಿನ್ನು ಇಳಿಸಿ ಬಿಚ್ಚಿದ. ನಾಲ್ಕು ಸಿಲಿಂಡರುಗಳಲ್ಲಿ ಮೂರನೆಯದರ ವಾಲ್ವು ಸುಟ್ಟು, ತಲೆ ಮುರಿದು, ಒಳಗೆ ಬಿದ್ದು, ಪಿಸ್ಟನ್ನನ್ನು ಪುಡಿ ಮಾಡಿತ್ತು.

"ಬೆಂಕ್ಯಾಗ ದುಡಿಯೂದು ಅದರ ಕೆಲಸ್ರಿ," ಎಂದ ಮೇಸ್ತ್ರಿ. "ನಡುನಡುವ ತನ್ನ ಜಾಗಾದಾಗ ಚಂದಾಗಿ ಕೂತಾಗ ಅದರ ಕಾವು ಇಳೀತೈತಿ. ಸಂದು ಬಿಟ್ಟಿದ್ದು ಅದಕ್ಕ. ನೀವು ಬಿಗಿ ಮಾಡಿದ್ರಿ, ಅದಕ್ಕ ಕೂಡಾಕ ಆಗಲಿಲ್ಲ. ಈ ಮೂರನೇದಕ್ಕ ಮೊದಲಿಂದನೂ ಫ್ಯಾನಿನ ಗಾಳಿ ಕಮ್ಮಿ. ಎಲ್ಲಾದಕ್ಕಿಂತ ಮುಂಚೆ ಅದ ಸುಟ್ಟು ಹೋತು."

ವ್ಯಾಪಾರಿಗೆ ಅಳು ಬಂತು. ಮನೆಯೂ ಅಂಗಡಿಯೂ ರಸ್ತೆಯ ಬದಿಗೆ ನಿಂತಿದ್ದವು. ಏನು ಮಾಡಬೇಕೆಂದು ತಿಳಿಯದೆ ಸಾಮಾನು ಇಳಿಸಲು ಒಳಗೆ ಹೋದ. ಹಾಸಿಗೆಯ ಮೇಲೆ, ಹೆಂಡತಿ ಕೂರುವ ಜಾಗದಲ್ಲಿ, ನಾಲ್ಕು ಪದರ ಮಡಿಸಿದ ಗೋಣಿಚೀಲ ಇತ್ತು. ಅದನ್ನು ಎತ್ತಿದ. ಅಡಿಯ ಹಾಸಿಗೆ ಕಾದು ಕಂದು ಬಣ್ಣಕ್ಕೆ ತಿರುಗಿತ್ತು.

"ಇಷ್ಟು ಕಾಯಾಕತ್ತಿದ್ದು ನಿನಗ ಗೊತ್ತಿತ್ತೇನು?" ಎಂದು ಕೇಳಿದ.

"ಮೂರು ದಿನದಿಂದ ಗೊತ್ತಿತ್ರಿ."

"ಹೇಳಬಾರದಿತ್ತೇನು?"

ಅವಳು ಅವನ ಮುಖ ನೋಡಿದಳು. ಗೋಣಿಚೀಲವನ್ನು ಅವನ ಕೈಯಿಂದ ತೆಗೆದುಕೊಂಡು, ಮಡಿಸಿ, ಪೆಟ್ಟಿಗೆಯ ಮೇಲಿಟ್ಟಳು. ಯಾಕೆ ಹೇಳಲಿಲ್ಲ ಎಂಬುದು ಅವನಿಗೆ ಆಗ ನೆನಪಾಯಿತು. ಇಂಜಿನ್ನು ಹೋದದ್ದಕ್ಕಿಂತ ಅದೇ ಅವನನ್ನು ಹೆಚ್ಚು ನೋಯಿಸಿತು.

ಕತೆ ಅಷ್ಟಕ್ಕೆ ನಿಂತಿತು. ಆ ಗಂಡಹೆಂಡಿರಿಗೆ ಏನಾಯಿತು ಎಂಬುದೇ ರುದ್ರಮುನಿಗೆ ದೊಡ್ಡ ಚಿಂತೆಯಾಗಿತ್ತು.

"ಆ ಗಾಡಿ ಮತ್ತ ನಡೀತೇನ್ರಿ, ಅಜ್ಜಾರ?"

ಗುರುಗಳು ಅಡುಗೆಮನೆಯ ಕಡೆ ತಿರುಗಿದರು. ಅಲ್ಲಿಂದ ರೊಟ್ಟಿ ಬಡಿಯುವ ಸದ್ದು ಮಾತ್ರ ಬರುತ್ತಿತ್ತು.

"ಫಕೀರವ್ವ ಸುಮ್ಮನಾಗಿ ಎಷ್ಟು ದಿನ ಆತು?"