ಸುಣ್ಣದ ಮೇಲಿನ ಚುಕ್ಕೆ

ಹೊಳೆದಂಡೆಯ ತಗಡಿನ ಶೆಡ್ಡಿನಲ್ಲಿ ಮೋನಪ್ಪಾಚಾರ್ರು ಹಾಲಿನ ಡೇರಿಗಳಿಗೆ ಸ್ಟೀಲ್ ಟ್ಯಾಂಕು ಮಾಡುತ್ತಿದ್ದರು. ಅವರ ಬೆಸುಗೆ ಸೋರಿದ್ದನ್ನು ಕಂಡವರಿಲ್ಲ.

ಅವರ ಬಳಿ ಗ್ಯಾಸು ಹಾಯಿಸುತ್ತ ಬೆಸೆಯುವ ಟಿಗ್ ವೆಲ್ಡಿಂಗ್ ಕಲಿಯಲು ದ್ಯಾಮಣ್ಣ ಬಂದ. ಹನ್ನೆರಡು ವರ್ಷ ತಮ್ಮನ ಜೊತೆ ಗೇಟು, ಗ್ರಿಲ್ಲು ಬೆಸೆದ ಕೈ ಅವನದು. ತಮ್ಮ ಆಡಿದ ಒಂದು ಮಾತಿಗೆ ತಾನೂ ಒಂದು ಮಾತು ಎಸೆದು, ಅಂಗಡಿ ಅವನಿಗೇ ಬಿಟ್ಟು ಎದ್ದು ಬಂದಿದ್ದ. ಇಲ್ಲಿ ನಿಲ್ಲದಿದ್ದರೆ ಮತ್ತೆ ಆ ಬಾಗಿಲಿಗೇ ಹೋಗಿ ನಿಲ್ಲಬೇಕು.

ಆಚಾರ್ರು ಮಾತು ಕೊಳ್ಳುವವರಲ್ಲ, ಸರಕು ನೋಡುವವರು.

"ಮೂರು ಡಬ್ಬ ಬೆಸೆ," ಎಂದರು. "ಒಂದಾದರೂ ಸೋರದಿದ್ದರೆ ಟ್ಯಾಂಕಿಗೆ ಕೈ ಹಾಕು. ಮೂರೂ ಸೋರಿದರೆ ನಿನ್ನ ಗೇಟು ನಿನಗೆ."

ಮೊದಲ ಡಬ್ಬದ ಬೆಸುಗೆ ಹೆಣೆದ ಜಡೆಯ ಹಾಗಿತ್ತು. ಆಚಾರ್ರು ಹೊಗಳಲಿಲ್ಲ. ಹೊರಗೆ ಸುಣ್ಣ ಬಳಿದು, ಒಣಗಿದ ಮೇಲೆ ಒಳಗೆ ಸೀಮೆಎಣ್ಣೆ ಸುರಿದು ಕಾದರು. ಬಿಳಿ ಸುಣ್ಣದ ಮೇಲೆ ನಾಲ್ಕು ಒದ್ದೆ ಚುಕ್ಕೆ ಮೂಡಿದವು.

"ಗ್ಯಾಸು ಸರಿ ಇಲ್ಲ ಗುರುಗಳೇ."

"ಅದೇ ಸಿಲಿಂಡರಿನಲ್ಲಿ ಬೆಳಿಗ್ಗೆ ನಾನೂ ಬೆಸೆದೆ."

ಎರಡನೆಯದೂ ಸೋರಿತು.

"ಸ್ಟೀಲೇ ಕಳಪೆ ಇರಬೇಕು."

"ಇನ್ನು ಹೊಳೆ ಒಂದು ಉಳೀತು. ಅದನ್ನೂ ಬೈದುಬಿಡು."

ಆಚಾರ್ರು ಡಬ್ಬವನ್ನು ದ್ಯಾಮಣ್ಣನ ಮುಂದೆ ತಳ್ಳಿದರು.

"ಚುಕ್ಕೆ ಎಲ್ಲೆಲ್ಲಿವೆ? ಬೆರಳಿಟ್ಟು ತೋರಿಸು."

ತೋರಿಸುತ್ತ ಹೋದ. ಹೋಗುತ್ತ ಬೆರಳು ನಿಧಾನವಾಯಿತು. "ಎಲ್ಲಾ ನಾನು ಬೆಸುಗೆ ನಿಲ್ಲಿಸಿದ ಕಡೆಗಳೇ."

"ನಡುವೆ?"

"ಒಂದೂ ಇಲ್ಲ."

"ಹಾಗಾದ್ರೆ ಬೆಸೆಯೋಕೆ ಬರ್ತದೆ ನಿನಗೆ. ಮುಗಿಸೋಕೆ ಬರೋದಿಲ್ಲ."

ದ್ಯಾಮಣ್ಣ ಮೂರನೇ ಡಬ್ಬಕ್ಕೆ ಕೂತ. ಮೊದಲ ಅಂಚು ಮುಗಿಯಿತು. ಬೆಸೆಯುವ ಟಾರ್ಚಿನ ಸ್ವಿಚ್ಚು ಬಿಟ್ಟ, ಬೆಂಕಿ ಆರಿತು. ಗೇಟಿನ ಕೆಲಸದಲ್ಲಿ ರಾಡು ಕಿತ್ತುಕೊಂಡೇ ರೂಢಿಯಾದ ಕೈ, ಫಕ್ಕನೆ ಮೇಲೇಳಲು ಹೋಯಿತು.

ಏಳಲಾಗಲಿಲ್ಲ. ಆಚಾರ್ರ ಕೈ ಅದನ್ನು ಹಿಡಿದಿತ್ತು.

ಟಾರ್ಚಿನ ಬಾಯಿಂದ ಗ್ಯಾಸು ಸುಯ್ಯೆನ್ನುತ್ತಲೇ ಇತ್ತು. ಅದರಡಿಯಲ್ಲಿ ಬೆಸುಗೆಯ ಕೆಂಪು ಮಾಸುತ್ತ ಮಾಸುತ್ತ ಹೋಯಿತು. ಆಮೇಲೆ ಸದ್ದು ನಿಂತಿತು. ಆಚಾರ್ರು ಹಿಡಿತ ಸಡಿಲಿಸಿದರು.

"ಬೆಂಕಿ ಆಗಲೇ ಆರಿತ್ತಲ್ಲ ಗುರುಗಳೇ?"

"ಟಾರ್ಚಿನದು ಆರಿತ್ತು, ಸ್ಟೀಲಿನದು ಆರಿರಲಿಲ್ಲ. ಕಾದಿರುವಾಗ ಗ್ಯಾಸಿನ ಹೊದಿಕೆ ಕಿತ್ತರೆ ಗಾಳಿ ಹೊಕ್ಕು ಕೆಡಿಸ್ತದೆ."

ಉಳಿದ ಅಂಚುಗಳನ್ನು ದ್ಯಾಮಣ್ಣ ಒಬ್ಬನೇ ಬೆಸೆದ. ಪ್ರತಿ ಸಲವೂ ಕೈ ಎದ್ದೇಳಲು ತವಕಿಸಿತು. ಪ್ರತಿ ಸಲವೂ ಕಾದ.

ಸಂಜೆಯವರೆಗೂ ಸುಣ್ಣ ಬೆಳ್ಳಗೇ ಇತ್ತು.

"ನಾಳೆ ಟ್ಯಾಂಕು ನಿನ್ನದು," ಎಂದರು ಆಚಾರ್ರು. ಸುಣ್ಣದ ಬಟ್ಟೆಯನ್ನು ನೀರಿಗೆ ಅದ್ದುತ್ತ, "ನಿನ್ನ ತಮ್ಮ ಮತ್ತೆ ಹೇಳಿಕಳಿಸಿದ್ದಾನೆ. ಅಣ್ಣ ಒಂದು ಸಲ ಬಂದು ಹೋಗಲಿ ಅಂತ."

"ಹೋಗಿ ಏನು ಮಾಡಲಿ ಗುರುಗಳೇ? ಆ ಜಗಳ ಅವತ್ತೇ ಆರಿಹೋಯ್ತು."

ಆಚಾರ್ರು ಬಟ್ಟೆ ಹಿಂಡುತ್ತ ಕೇಳಿದರು:

"ಅವತ್ತು ನೀನು ಕೈ ಯಾವಾಗ ತೆಗೆದೆ?"