ಒಂದೇ ಗಂಟಿನಲ್ಲಿ ಕಟ್ಟಿದ ದನಿ

‘ಗುರುಗಳೇ, ಮುನ್ನೂರು ತತ್ವಪದಗಳು ಬಾಯಿಗೆ ಬಂದಿವೆ. ಪುಸ್ತಕ ಮುಟ್ಟಿ ಎರಡು ವರ್ಷವಾಯಿತು. ಇನ್ನು ನಾನು ಒಬ್ಬನೇ ಊರೂರಿಗೆ ಹೋಗಿ ಹಾಡಬಹುದಲ್ಲವೇ?’ ಎಂದು ಶಿಷ್ಯ ಕೇಳಿದ.

ಅವನು ಹೇಳಿದ್ದು ಸುಳ್ಳಲ್ಲ. ದಿನವೂ ಸಂಜೆ ಗುರುಗಳು ಮೊದಲ ಸಾಲು ಎತ್ತಿಕೊಟ್ಟರೆ ಸಾಕು, ಉಳಿದದ್ದು ಅವನ ಬಾಯಿಂದ ತಡೆಯಿಲ್ಲದೆ ಬರುತ್ತಿತ್ತು. ಪುಸ್ತಕವನ್ನು ಯಾರಿಗೋ ಕೊಟ್ಟೂ ಆಗಿತ್ತು. ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ಗುರುಗಳು ಆ ಚೀಲವನ್ನು ನೋಡಿದರು.

‘ಕೂತುಕೋ. ಒಂದು ಕಂಪ್ಯೂಟರಿನ ಕತೆಯಿದೆ. ನನಗೆ ಅದರ ಗಂಧಗಾಳಿ ಇಲ್ಲ. ಅದನ್ನು ಅನುಭವಿಸಿದವನೇ ನೀನು ಕೂತ ಜಾಗದಲ್ಲೇ ಕೂತು ಹೇಳಿದ್ದನ್ನು ಹೇಳುತ್ತೇನೆ’ ಎಂದು ಶುರುಮಾಡಿದರು.

ಒಬ್ಬ ಗುಮಾಸ್ತನಿದ್ದ. ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದನ್ನು ತನ್ನಷ್ಟಕ್ಕೆ ತಾನೇ ಕಲಿತವನು. ಅವನ ಹೆಂಡತಿಗೆ ಗಂಟಲಲ್ಲಿ ಹುಣ್ಣಾಯಿತು. ಕೆಟ್ಟ ಹುಣ್ಣು. ಗಂಟಲಿನ ದನಿಪೆಟ್ಟಿಗೆ ತೆಗೆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು ವೈದ್ಯರು. ಶಸ್ತ್ರಚಿಕಿತ್ಸೆಗೆ ಮುಂಚೆ ಒಂದು ವಾರ ಸಿಕ್ಕಿತು. ಆ ಒಂದು ವಾರ ಗುಮಾಸ್ತ ರಜೆ ಹಾಕಿ, ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ಅವಳ ದನಿಯನ್ನು ರೆಕಾರ್ಡ್ ಮಾಡಿದ. ನೀರು ಬೇಕು. ಸಾಕು. ಬನ್ನಿ, ಕೂತುಕೊಳ್ಳಿ. ಊಟಕ್ಕೆ ಏಳಿ. ಹೀಗೆ ಇನ್ನೂರು ಮಾತು.

ಆಗ ಅವಳ ತಮ್ಮನ ಹೆಂಡತಿ ಬಸುರಿ. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ. ಗಂಡಾದರೆ ತಂದೆಯ ಹೆಸರು, ಹೆಣ್ಣಾದರೆ ತಾಯಿಯ ಹೆಸರು ‘ಸುಭದ್ರೆ’ ಎಂದು ಅಕ್ಕ ತಮ್ಮ ಮಾತಾಡಿಕೊಂಡಿದ್ದರು. ಅವಳು ಎರಡೂ ಹೆಸರುಗಳನ್ನು ಹೇಳಿ, ‘ಯಾವುದಕ್ಕೂ ಇರಲಿ’ ಎಂದು ನಕ್ಕಳು. ಆ ನಗುವೂ ರೆಕಾರ್ಡ್ ಆಯಿತು.

ಶಸ್ತ್ರಚಿಕಿತ್ಸೆಯಾದ ಮೇಲೆ ಗುಮಾಸ್ತ ಒಂದು ಪ್ರೋಗ್ರಾಮ್ ಬರೆದ. ಪರದೆಯ ಮೇಲೆ ಮಾತುಗಳ ಮನೆಗಳು; ಬೆರಳಿಟ್ಟ ಮನೆಯ ಮಾತು ಅವಳದೇ ದನಿಯಲ್ಲಿ ಕೇಳುತ್ತದೆ. ಮೊದಲ ದಿನ ಅವಳು ‘ಊಟಕ್ಕೆ ಏಳಿ’ ಒತ್ತಿದಾಗ ಅವನು ಅನ್ನ ಕಲೆಸುತ್ತಾ ಅತ್ತುಬಿಟ್ಟ.

ತಮ್ಮನಿಗೆ ಹೆಣ್ಣುಮಗು ಹುಟ್ಟಿತು. ‘ಅಕ್ಕ, ನೀನೇ ಬಂದು ಹೆಸರು ಹೇಳಬೇಕು’ ಎಂದ ತಮ್ಮ. ಆದರೆ ಗುಮಾಸ್ತ ಬರೆದ ಪ್ರೋಗ್ರಾಮ್ ತಮ್ಮನ ಕಂಪ್ಯೂಟರಿನಲ್ಲಿ ನಡೆಯುವಂತಿರಲಿಲ್ಲ. ಅದು ಬರಿಯ ಸೂಚನೆಗಳ ಪಟ್ಟಿ. ಓದಿ ನಡೆಸುವ ಬೇರೊಂದು ತಂತ್ರಾಂಶ ಜೊತೆಗಿರಬೇಕು. ಅಡುಗೆಯ ಕ್ರಮ ಬರೆದ ಚೀಟಿ ಕೊಟ್ಟರೆ ಹೊಟ್ಟೆ ತುಂಬೀತೇ? ಒಲೆ, ಪಾತ್ರೆ, ಅಡುಗೆಯವನು ಎಲ್ಲವನ್ನೂ ಚೀಟಿಯೊಂದಿಗೆ ಒಂದೇ ಗಂಟಿನಲ್ಲಿ ಕಟ್ಟಿಕೊಡುವ ಸಾಧನವೂ ಉಂಟಂತೆ. ಗುಮಾಸ್ತ ಅದರಿಂದ ಕಟ್ಟಿದ. ಒಂದೇ ಕಡತವಾಯಿತು. ಮೊದಲಿಗಿಂತ ನೂರು ಪಟ್ಟು ದಪ್ಪವಾಯಿತು. ಇಷ್ಟು ದಪ್ಪಗಿದೆಯೆಂದರೆ ಎಲ್ಲವೂ ಒಳಗಿದೆ ಎಂದುಕೊಂಡ. ತನ್ನ ಕಂಪ್ಯೂಟರಿನಲ್ಲಿ ಮೂರು ಸಲ ತೆರೆದ. ಮೂರು ಸಲವೂ ಅದು ಸೊಗಸಾಗಿ ಮಾತಾಡಿತು.

ಆ ಕಂಪ್ಯೂಟರ್ ಆಫೀಸಿನದು. ಹಿಂದಿರುಗಿಸಬೇಕಾದ ದಿನವೂ ಬಂದಿತ್ತು. ಹೆಂಡತಿ ಸ್ಲೇಟಿನ ಮೇಲೆ ಬರೆದು ಕೇಳಿದಳು: ‘ಹಳೆಯದೆಲ್ಲ ಒಂದು ಕಡೆ ಇಟ್ಟುಕೊಳ್ಳೋಣವೇ?’

‘ಬೇಡ ಕಣೇ. ಎಲ್ಲಾ ಇದರೊಳಗೇ ಇದೆ. ಇನ್ನು ಯಾರ ಮನೆಗೆ ಹೋದರೂ ನಿನ್ನ ಮಾತು ನಿನ್ನ ಜೊತೆಗೇ ಬರುತ್ತೆ.’

ಆ ಕಡತವನ್ನು ಎರಡು ಪೆನ್‌ಡ್ರೈವಿಗೆ ಹಾಕಿ ಒಂದನ್ನು ದೇವರ ಗೂಡಿನಲ್ಲಿಟ್ಟ. ಹೆಂಡತಿಯ ದನಿ ಪರರ ಕೈಗೆ ಸಿಗಬಾರದೆಂದು ಕಂಪ್ಯೂಟರಿನಲ್ಲಿದ್ದುದನ್ನು ಮತ್ತೆ ಸಿಗದ ಹಾಗೆ ಅಳಿಸಿದ. ಆಫೀಸಿಗೆ ಒಪ್ಪಿಸಿ ಬಂದ. ಮರುದಿನ ಇಬ್ಬರೂ ತಮ್ಮನ ಊರಿಗೆ ಹೊರಟರು.

ತೊಟ್ಟಿಲ ಸುತ್ತ ಹೆಂಗಸರು ನೆರೆದರು. ತಮ್ಮ ತನ್ನ ಕಂಪ್ಯೂಟರನ್ನು ತೊಟ್ಟಿಲ ಪಕ್ಕ ತಂದಿಟ್ಟ. ಕಡತ ತೆರೆಯಿತು. ಮಾತಿನ ಮನೆಗಳೆಲ್ಲ ಮೂಡಿದವು. ಅವಳು ‘ಸುಭದ್ರೆ’ ಎಂಬ ಮನೆಯ ಮೇಲೆ ಬೆರಳಿಟ್ಟಳು.

ಸದ್ದಿಲ್ಲ.

ಯಾರೋ ಸ್ಪೀಕರಿನ ಸದ್ದು ಹೆಚ್ಚಿಸಿದರು. ಅವಳು ಮತ್ತೆ ಒತ್ತಿದಳು. ‘ಬನ್ನಿ’ ಒತ್ತಿದಳು, ‘ನೀರು ಬೇಕು’ ಒತ್ತಿದಳು, ‘ಸಾಕು’ ಒತ್ತಿದಳು. ಉಳಿದವರಿಗೆ ಏನಾಯಿತೆಂದು ತಿಳಿಯುವ ಮೊದಲೇ ಗುಮಾಸ್ತನಿಗೆ ತಿಳಿದಿತ್ತು. ದನಿಗಳಿದ್ದದ್ದು ಬೇರೊಂದು ಫೋಲ್ಡರಿನಲ್ಲಿ. ಅದನ್ನೂ ಕಟ್ಟು ಎಂದು ಸಾಧನಕ್ಕೆ ಹೇಳಬೇಕಿತ್ತು, ಅವನು ಹೇಳಿರಲಿಲ್ಲ. ಗಂಟಿನೊಳಗೆ ಇದ್ದದ್ದು ಆ ಫೋಲ್ಡರಿನ ವಿಳಾಸ ಮಾತ್ರ. ಅವನ ಮನೆಯಲ್ಲಿ ಮೂರು ಸಲ ತೆರೆದಾಗಲೂ ಅದು ಮೆಲ್ಲಗೆ ಆ ಫೋಲ್ಡರಿಗೆ ಹೋಗಿ ದನಿ ತಂದಿತ್ತು. ಈಗ ಆ ಫೋಲ್ಡರ್ ಲೋಕದಲ್ಲಿ ಎಲ್ಲೂ ಇಲ್ಲ. ಇನ್ನೂರು ಮಾತೂ ಹೋದವು. ಆ ನಗುವೂ ಹೋಯಿತು.

ಅವಳು ಗಂಡನ ಮುಖ ನೋಡಿದಳು. ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿ, ತೊಟ್ಟಿಲಿಗೆ ಬಗ್ಗಿ, ಮಗುವಿನ ಕಿವಿಯ ಬಳಿ ಮೂರು ಸಲ ತುಟಿ ಆಡಿಸಿದಳು. ಈಗ ಕತ್ತಿನ ರಂಧ್ರದಿಂದ ಆಡುವ ಉಸಿರು ಸಹ ಬಾಯಿಂದ ಬರಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಗುಮಾಸ್ತ ಹಿತ್ತಿಲಿಗೆ ಹೋಗಿ ಗೋಡೆಗೆ ಮುಖವಿಟ್ಟು ಅಳುತ್ತಿದ್ದ. ಅವಳು ಸ್ಲೇಟು ಹಿಡಿದು ಅಲ್ಲಿಗೆ ಬಂದಳು. ‘ಅಳಬೇಡಿ. ಮಗುವಿಗೆ ಕೇಳಿಸಿತು’ ಎಂದು ಬರೆದಿದ್ದಳು. ಅದನ್ನು ಓದಿದ ಮೇಲೆ ಅವನ ಅಳು ಇನ್ನೂ ಹೆಚ್ಚಾಯಿತು.

ಕತೆ ಮುಗಿಯಿತು. ‘ಪಾಪ, ಆ ಮನುಷ್ಯ ಒಮ್ಮೆಯಾದರೂ ಬೇರೆ ಕಡೆ ತೆರೆದು ನೋಡಬೇಕಿತ್ತು. ಆದರೆ ಗುರುಗಳೇ, ನನ್ನ ಮುನ್ನೂರು ಪದಗಳೂ ನನ್ನೊಳಗೇ ಇವೆಯಲ್ಲ?’ ಎಂದ ಶಿಷ್ಯ.

‘ಹಾಗಾದರೆ ಒಂದನ್ನು ಹಾಡು, ಇವತ್ತು ಮೊದಲ ಸಾಲು ನಾನು ಎತ್ತಿಕೊಡುವುದಿಲ್ಲ’ ಎಂದರು ಗುರುಗಳು.

ಶಿಷ್ಯ ಬಾಯಿ ತೆರೆದ. ಮೊದಲ ಸಾಲು ಬರಲಿಲ್ಲ.