ಕತ್ತರಿಸದ ಇಪ್ಪತ್ಮೂರು ನಿಮಿಷ

ನೀವು ನಂಬುವುದಿಲ್ಲ, ಬೇಕಾದರೆ ಪಂಥ ಕಟ್ಟಿ. ಸರ್ಜರಿ ಕಲಿಯುವ ನಮ್ಮ ಗುಂಪಿನಲ್ಲಿ ನನ್ನಷ್ಟು ಚಂದ ಹೊಲಿಗೆ ಹಾಕುವವನು ಇನ್ನೊಬ್ಬನಿರಲಿಲ್ಲ. ಸಿಂಧನೂರಿನ ಹತ್ತಿರದ ಹಳ್ಳಿಯಲ್ಲಿ ದಬ್ಬಣ ಹಿಡಿದು ಭತ್ತದ ಚೀಲ ಹೊಲಿದ ಕೈ ಇದು. ಆ ಧೈರ್ಯದಲ್ಲೇ ಗುರುಗಳಾದ ಡಾಕ್ಟರ್ ಜಂಬುನಾಥರನ್ನು ಎಲ್ಲರೆದುರು ಕೇಳಿದೆ:

"ಸರ, ನನಗ ಮೊದಲ ಆಪರೇಷನ್ ಯಾವಾಗ ಕೊಡ್ತೀರಿ? ನನ್ನ ವಿಡಿಯೋ ನೋಡಿದ್ರಲ್ಲ?"

ನಮ್ಮಲ್ಲಿ ಪದ್ಧತಿ ಹಾಗೆ. ತರಬೇತಿ ಪೆಟ್ಟಿಗೆಯೊಳಗೆ ಕುರಿಯ ಕರುಳಿಟ್ಟು, ಒಳಗಿನ ಕ್ಯಾಮೆರಾ ತೋರಿಸುವ ಪರದೆ ನೋಡುತ್ತ ಹೊಲಿಯಬೇಕು. ಅದರ ವಿಡಿಯೋ ಗುರುಗಳು ಒಪ್ಪಿದರೆ ಮಾತ್ರ ರೋಗಿಯ ಮೇಲೆ ಕೈ. ನನ್ನದು ನಾಲ್ಕೇ ನಿಮಿಷ. ಒಂದು ಗಂಟೂ ಸಡಿಲವಿಲ್ಲ.

"ಅಮರೇಶ, ಸಿನಿಮಾ ಛಲೋ ಮಾಡಿಯಪ್ಪ," ಎಂದರು ಗುರುಗಳು. ಗೆಳೆಯರು ನಕ್ಕರು. ಗುರುಗಳು ಕತೆ ಹೇಳಿದರು.

ಒಬ್ಬ ಸರ್ಜನ್ ಇದ್ದ. ತನ್ನ ಆಪರೇಷನ್ನುಗಳ ವಿಡಿಯೋ ತೋರಿಸಿ ಶಿಷ್ಯನಿಗೆ ಕಲಿಸುತ್ತಿದ್ದ. ರಕ್ತ ಚಿಮ್ಮಿದ ಭಾಗವನ್ನೆಲ್ಲ ಮೊದಲೇ ಕತ್ತರಿಸಿ ತೆಗೆಯುತ್ತಿದ್ದ. ಶಿಷ್ಯ ನೂರು ಸಲ ನೋಡಿ ಬಾಯಿಪಾಠ ಮಾಡಿಕೊಂಡ. ಅವನ ಮೊದಲ ಆಪರೇಷನ್ನಿನಲ್ಲಿ ರಕ್ತನಾಳ ಹರಿಯಿತು. ಪರದೆ ಕೆಂಪಾಯಿತು. ಶಿಷ್ಯನ ಕೈ ನಿಂತುಹೋಯಿತು.

"ಒತ್ತಿ ಹಿಡಿಯೋ! ಯಾಕೆ ನಿಂತೆ?" ಎಂದು ಸರ್ಜನ್ ಕೂಗಿದ.

"ನಿಮ್ಮ ವಿಡಿಯೋದಲ್ಲಿ ಇದು ಬರಲೇ ಇಲ್ಲವಲ್ಲ, ಗುರುಗಳೇ," ಎಂದ ಶಿಷ್ಯ.

ಸರ್ಜನ್ ಓಡಿಬಂದು ಒತ್ತಿ ಹಿಡಿದ. ರೋಗಿ ಉಳಿದಳು. ಶಿಷ್ಯ ಮತ್ತೆಂದೂ ಚಾಕು ಹಿಡಿಯಲಿಲ್ಲ.

ಕತೆ ಮುಗಿಯಿತು. ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸಿ ಕೂರುತ್ತಿದ್ದರು. ನಾನು ಎದ್ದು ಹೋಗಿ, ನಾಲ್ಕು ನಿಮಿಷಕ್ಕೆ ಇಳಿಸುವ ಮುಂಚಿನ ವಿಡಿಯೋವನ್ನೇ ಪರದೆಗೆ ಹಾಕಿದೆ. ಇಪ್ಪತ್ಮೂರು ನಿಮಿಷ. ಏಳನೆಯ ನಿಮಿಷದಲ್ಲಿ ಕರುಳು ಹರಿದಿದ್ದೆ. ಸೂಜಿ ಬೀಳಿಸಿದ್ದೆ. ನನ್ನನ್ನೇ ಬೈದುಕೊಂಡಿದ್ದೆ, ಅದೂ ಎಲ್ಲರಿಗೆ ಕೇಳಿಸಿತು. ಆಮೇಲೆ ಹೊಲಿಗೆ ಬಿಚ್ಚಿ, ಮತ್ತೆ ಹಾಕಿ, ಕರುಳಿಗೆ ನೀರು ತುಂಬಿಸಿ ನೋಡಿದ್ದೆ. ಒಂದು ಹನಿ ಸೋರಿರಲಿಲ್ಲ. ಕೆಟ್ಟದ್ದನ್ನು ನನ್ನಷ್ಟು ಚಂದ ತಿದ್ದುವವನು ಯಾರಿದ್ದಾನೆ, ಹೇಳಿ!

ಗುರುಗಳು ಕೊನೆಯವರೆಗೂ ನೋಡಿದರು. ಆಮೇಲೆ ಒಂದೇ ಮಾತು:

"ಸೋಮವಾರ ಪಿತ್ತಕೋಶದ ಆಪರೇಷನ್ ನೀ ಮಾಡು, ಕ್ಯಾಮೆರಾ ನಾ ಹಿಡೀತೀನಿ."

ರೋಗಿಯ ಹೊಟ್ಟೆಗೆ ಇಳಿಸಿದ ಕ್ಯಾಮೆರಾ ಹಿಡಿದು ನಿಲ್ಲುವುದು ನಮ್ಮಲ್ಲಿ ಎಲ್ಲರಿಗಿಂತ ಕಿರಿಯನ ಕೆಲಸ.

ಸೋಮವಾರ ಆ ಆಪರೇಷನ್ನನ್ನು ಗುರುಗಳು ನನಗೆ ಕೊಟ್ಟರು, ಮೊದಲ ಕೊಯ್ತದಿಂದ ಕೊನೆಯ ಹೊಲಿಗೆಯವರೆಗೆ.